ಹಟ್ಟಿಗೊಬ್ಬರ, ರಸಗೊಬ್ಬರ ಮತ್ತು ನೀರು

(ಶಾಲಾ ವಾರ್ಷಿಕೋತ್ಸವದಂದು ವಿದ್ಯಾರ್ಥಿಗಳನ್ನೂ ಹೆತ್ತವರನ್ನೂ ಉದ್ದೇಶಿಸಿ ಮಾಡಿದ ಭಾಷಣ)



ಕೃಷಿಯ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದವರು ನನಗೆ ಅಪ್ಪಣೆ ಮಾಡಿದ್ದಾರೆ. ಕೃಷಿಯೆಂಬುದು ವಿಸ್ತಾರವಾದ ವಿಷಯ. ಅದರಲ್ಲಿ ಒಂದೇ ಒಂದು ಪ್ರಶ್ನೆಯನ್ನು ಆರಿಸಿಕೊಂಡು ನಿಮ್ಮ ಮುಂದಿಡುತ್ತೇನೆ. ಅದು ನನ್ನ ಪ್ರಶ್ನೆಯಲ್ಲ. ನಮ್ಮ ಊರುಗಳ ಜಗಲಿ ಜಗಲಿಗಳಲ್ಲಿ ಪ್ರತಿವರ್ಷವೂ ಕೇಳಿಬರುವ ಪ್ರಶ್ನೆ.

ಒಬ್ಬರು ಹೇಳುತ್ತಾರೆ: "ಕಳೆದ ವರ್ಷಕ್ಕಿಂತ ಹೆಚ್ಚು ಹಣವನ್ನು ಗೊಬ್ಬರಕ್ಕೆ ಸುರಿದೆ, ಅಡಿಕೆ ಮಾತ್ರ ಹೆಚ್ಚಾಗಲಿಲ್ಲ." ಇನ್ನೊಬ್ಬರು ಹೇಳುತ್ತಾರೆ: "ಕೊಳವೆ ಬಾವಿ ತೆಗೆಸಿದೆ, ನೀರು ಬೇಕಾದಷ್ಟು ಬಿಟ್ಟೆ, ನಳ್ಳಿ ಉದುರುವುದು ನಿಲ್ಲಲಿಲ್ಲ." ಮತ್ತೊಬ್ಬರ ಮಾತು: "ನಾನು ಹಟ್ಟಿಗೊಬ್ಬರವನ್ನೇ ನಂಬಿದವ, ತೋಟ ಹಸುರಾಗಿದೆ, ಗೊನೆ ತೂಗುವುದಿಲ್ಲ." ಈ ಮೂವರೂ ಸುಳ್ಳಾಡುವವರಲ್ಲ. ಆದರೆ ಪ್ರತಿಯೊಬ್ಬರೂ ಸತ್ಯದ ಮೂರರಲ್ಲೊಂದು ಪಾಲನ್ನು ಮಾತ್ರ ಹಿಡಿದುಕೊಂಡಿದ್ದಾರೆ. ಹಟ್ಟಿಗೊಬ್ಬರ, ರಸಗೊಬ್ಬರ, ನೀರು ಇವು ಬೇರೆ ಬೇರೆಯಾಗಿ ಕೆಲಸಮಾಡುವ ಮೂವರು ಆಳುಗಳಲ್ಲ. ಒಂದೇ ನೊಗವನ್ನು ಹೊರುವ ಜೊತೆಗಾರರು. ಇವತ್ತು ನಾನು ಹೇಳಬೇಕಾದುದು ಇಷ್ಟೇ. ಉಳಿದುದೆಲ್ಲ ಇದರ ವಿವರಣೆ.

ಗಿಡದ ಊಟ

ಮಕ್ಕಳೇ, ಗಿಡಕ್ಕೂ ಊಟ ಬೇಕೆಂಬುದನ್ನು ನೀವು ಪಾಠದಲ್ಲಿ ಓದಿದ್ದೀರಿ. ಅದರ ದೇಹದ ಹೆಚ್ಚಿನ ಪಾಲು ಗಾಳಿಯಿಂದ ಮತ್ತು ನೀರಿನಿಂದ ಬಂದದ್ದು. ಎಲೆಯು ಬಿಸಿಲಿನ ಶಕ್ತಿಯಿಂದ ಗಾಳಿಯೊಳಗಣ ಇಂಗಾಲವನ್ನು ಹಿಡಿದು ಸಕ್ಕರೆ ಮಾಡುತ್ತದೆ. ಮಣ್ಣಿನಿಂದ ಅದು ತೆಗೆದುಕೊಳ್ಳುವ ಪಾಲು ಚಿಕ್ಕದು; ಆದರೆ ನಮ್ಮ ಅಡಿಗೆಗೆ ಉಪ್ಪು ಇದ್ದ ಹಾಗೆ, ಅದಿಲ್ಲದೆ ಮಿಕ್ಕದ್ದು ನಡೆಯದು. ಈ ಪೈಕಿ ಮುಖ್ಯವಾದವು ಸಾರಜನಕ, ರಂಜಕ ಮತ್ತು ಪೊಟ್ಯಾಷ್. ಸಾರಜನಕದಿಂದ ಎಲೆ ಹಸುರಾಗಿ ಬೆಳೆಯುತ್ತದೆ. ರಂಜಕದಿಂದ ಬೇರು ಬಲಿಯುತ್ತದೆ. ಪೊಟ್ಯಾಷ್ ಎಲೆಯ ಸೂಕ್ಷ್ಮ ರಂಧ್ರಗಳನ್ನು ತೆರೆದು ಮುಚ್ಚುವುದಕ್ಕೆ ನೆರವಾಗಿ, ನೀರನ್ನು ಹಿತಮಿತವಾಗಿ ವೆಚ್ಚಮಾಡಿಸುತ್ತದೆ. ಕಾಯಿ ಬಲಿಯುವುದಕ್ಕೂ ಅದು ಬೇಕು. ಇವುಗಳ ಹಿಂದೆ ಸುಣ್ಣದಂಶ, ಮೆಗ್ನೀಸಿಯಂ, ಗಂಧಕ, ಸತು, ಬೋರಾನ್ ಮೊದಲಾದವು ಕಿಂಚಿತ್ ಪ್ರಮಾಣದಲ್ಲಿ ಬೇಕಾಗುತ್ತವೆ.

ಈ ವಿಚಾರದಲ್ಲಿ ಒಂದು ದೊಡ್ಡ ನಿಯಮವನ್ನು ಜರ್ಮನಿಯ ಇಬ್ಬರು ವಿದ್ವಾಂಸರು ಹತ್ತೊಂಬತ್ತನೆಯ ಶತಮಾನದಲ್ಲಿ ಜಗತ್ತಿಗೆ ತಿಳಿಸಿದರು. ಮೊದಲು ಹೇಳಿದವರು ಕಾರ್ಲ್ ಸ್ಪ್ರೆಂಗೆಲ್. ಅದನ್ನು ಪ್ರಸಿದ್ಧಗೊಳಿಸಿದವರು ಯುಸ್ಟುಸ್ ಫೋನ್ ಲೀಬಿಗ್. ಬೆಳೆಯ ಪ್ರಮಾಣವನ್ನು ನಿಶ್ಚಯಿಸುವುದು ಹೇರಳವಾಗಿರುವ ವಸ್ತುವಲ್ಲ, ಎಲ್ಲಕ್ಕಿಂತ ಕೊರತೆಯಾಗಿರುವ ವಸ್ತು ಎಂಬುದೇ ಆ ನಿಯಮದ ಸಾರ. ಯುರೋಪಿನವರು ಇದನ್ನು ಮರದ ಪೀಪಾಯಿಯ ಉಪಮೆಯಿಂದ ವಿವರಿಸುತ್ತಾರೆ. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ತೋಡುಗಳಿಗೆ ಕಟ್ಟಿದ ಕಿಂಡಿ ಅಣೆಕಟ್ಟನ್ನು ನೋಡಿ. ನಾಲ್ಕು ಕಿಂಡಿಗಳಿಗೆ ಆಳೆತ್ತರದ ಹಲಗೆ ಹಾಕಿ, ಐದನೆಯ ಕಿಂಡಿಗೆ ಮೊಣಕಾಲೆತ್ತರದ ಹಲಗೆಯನ್ನಷ್ಟೇ ಹಾಕಿದರೆ, ನೀರು ಎಷ್ಟು ಎತ್ತರಕ್ಕೆ ನಿಲ್ಲುತ್ತದೆ? ಮೊಣಕಾಲೆತ್ತರಕ್ಕೆ! ಉಳಿದ ನಾಲ್ಕು ಕಿಂಡಿಗಳಿಗೆ ಇನ್ನೂ ಎರಡೆರಡು ಹಲಗೆ ಸೇರಿಸಿದರೂ ನೀರು ಒಂದಂಗುಲ ಏರದು. ಗೊಬ್ಬರಕ್ಕೆ ಹಣ ಸುರಿದರೂ ಫಸಲು ಏರದಿರುವ ರಹಸ್ಯ ಇಲ್ಲಿದೆ. ಕೊರತೆಯ ಹಲಗೆ ಬೇರೆಲ್ಲೋ ಇದೆ; ನಾವು ಎತ್ತರವಾದ ಹಲಗೆಯ ಮೇಲೆಯೇ ಹಲಗೆ ಹಾಕುತ್ತಿದ್ದೇವೆ.

ಮುಸುಕಿನ ಜೋಳವೆಂಬ ಗುರು

ಈ ನಿಯಮವನ್ನು ತೋಟದಲ್ಲಿ ಕಣ್ಣಾರೆ ನೋಡುವುದು ಕಷ್ಟ. ಅಡಿಕೆ, ತೆಂಗು ಇವು ನಿಧಾನವಾಗಿ ಉತ್ತರಕೊಡುವ ಮರಗಳು. ತೆಂಗಿನ ಹೂಗೊಂಚಲು ಅರಳುವುದಕ್ಕೆ ಸುಮಾರು 32 ತಿಂಗಳು ಮೊದಲೇ ಅದರ ಮೊಳಕೆ ಮರದೊಳಗೆ ರೂಪುಗೊಳ್ಳತೊಡಗುತ್ತದೆ. ಆದುದರಿಂದ ಈ ವರ್ಷದ ಉಪವಾಸದ ಫಲವನ್ನು ನಾವು ಮುಂದಿನ ವರ್ಷ, ಅದರ ಮುಂದಿನ ವರ್ಷ ಕಾಣುತ್ತೇವೆ. ಆಗ ಕಾರಣ ಮರೆತುಹೋಗಿರುತ್ತದೆ. ಮುಸುಕಿನ ಜೋಳ ಹಾಗಲ್ಲ. ಬಿತ್ತಿದ ನೂರು ನೂರಹತ್ತು ದಿನಗಳಲ್ಲಿ ಅದು ತನ್ನ ತೀರ್ಪನ್ನು ಕೊಟ್ಟುಬಿಡುತ್ತದೆ. ನಮ್ಮ ಜಿಲ್ಲೆಯಲ್ಲಿ ಇದು ದೊಡ್ಡ ಬೆಳೆಯಲ್ಲ. ಆದರೆ ಘಟ್ಟದ ಆಚೆಗೆ, ದಾವಣಗೆರೆ, ಹಾವೇರಿಗಳ ಕಡೆ ಹೋದರೆ ಮೈಲುಗಟ್ಟಲೆ ಇದೇ ಪೈರು. ಮೆಕ್ಕೆಜೋಳ, ಗೋವಿನ ಜೋಳ ಎಂದೂ ಅಲ್ಲಿ ಹೆಸರುಂಟು.

ಈ ಗಿಡವು ತನ್ನ ಹಸಿವನ್ನು ಎಲೆಯ ಮೇಲೆ ಬರೆದು ತೋರಿಸುತ್ತದೆ. ಸಾರಜನಕ ಸಾಲದಿದ್ದರೆ ಕೆಳಗಿನ ಹಳೆಯ ಎಲೆ ತುದಿಯಿಂದ ಆರಂಭಿಸಿ ನಡುನರದ ಉದ್ದಕ್ಕೂ ಹಳದಿಯಾಗುತ್ತದೆ. ಪೊಟ್ಯಾಷ್ ಸಾಲದಿದ್ದರೆ ನಡುಭಾಗ ಹಸುರಾಗಿಯೇ ಉಳಿದು ಅಂಚುಗಳು ಸುಟ್ಟಂತಾಗುತ್ತವೆ. ರಂಜಕ ಸಾಲದಿದ್ದರೆ ಎಳೆಯ ಗಿಡದ ಎಲೆಗೆ ನೇರಳೆ ಬಣ್ಣ ಬರುತ್ತದೆ. ಅಕ್ಷರ ಬಲ್ಲವನು ಪುಸ್ತಕವನ್ನು ಓದುವಂತೆ, ಬಲ್ಲ ರೈತನು ಈ ಎಲೆಗಳನ್ನು ಓದುತ್ತಾನೆ.

ನೀರಿನ ವಿಷಯದಲ್ಲಿ ಇದು ಕಲಿಸುವ ಪಾಠ ಇನ್ನೂ ಸ್ವಾರಸ್ಯವಾದುದು. ಜೋಳದ ತೆನೆಯ ತುದಿಯಲ್ಲಿ ರೇಷ್ಮೆಯಂಥ ಎಳೆಗಳಿರುವುದನ್ನು ನೀವು ಕಂಡಿದ್ದೀರಿ. ಅದು ಬರಿಯ ಅಲಂಕಾರವಲ್ಲ. ಒಂದೊಂದು ಎಳೆಯೂ ತೆನೆಯೊಳಗಿನ ಒಂದೊಂದು ಕಾಳಿನ ದಾರಿ. ಗಿಡದ ತಲೆಯ ಮೇಲಿನ ಗಂಡು ಹೂವಿನಿಂದ ಉದುರಿದ ಪರಾಗವು ಆ ಎಳೆಯ ಮೇಲೆ ಬಿದ್ದು ಕೆಳಗಿಳಿದರೆ ಒಂದು ಕಾಳು ಹುಟ್ಟುತ್ತದೆ. ಆ ದಿನಗಳಲ್ಲಿ ನೀರಿನ ಅಭಾವವಾದರೆ ಎಳೆಗಳು ತಡವಾಗಿ ಹೊರಡುತ್ತವೆ, ಒಣಗುತ್ತವೆ. ಪರಾಗ ಬೀಳುವ ಹೊತ್ತಿಗೆ ಅವು ಸಿದ್ಧವಾಗಿರುವುದಿಲ್ಲ. ಆಗ ತೆನೆಯಲ್ಲಿ ಕಾಳಿಲ್ಲದ ತೆರಪುಗಳು ಉಳಿಯುತ್ತವೆ. ಅನಂತರ ಎಷ್ಟು ನೀರು ಹಾಯಿಸಿದರೂ, ಎಷ್ಟು ಯೂರಿಯಾ ಚೆಲ್ಲಿದರೂ ಆ ತೆರಪು ತುಂಬದು. ನೀರಿನಲ್ಲಿ ಪ್ರಮಾಣದಷ್ಟೇ ಕಾಲವೂ ಮುಖ್ಯವೆಂದು ಇದರಿಂದ ತಿಳಿಯುತ್ತದೆ.

ಗೊಬ್ಬರದ ವಿಷಯದಲ್ಲಿ ನಮ್ಮ ದೇಶದಲ್ಲಿಯೇ ದೀರ್ಘಕಾಲದ ಪ್ರಯೋಗಗಳು ನಡೆದಿವೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1843ರಲ್ಲಿ ಪ್ರಾರಂಭವಾದ ಗೋಧಿಯ ಪ್ರಯೋಗ ಇಂದಿಗೂ ನಡೆಯುತ್ತಿದೆ. ಅದೇ ಮಾದರಿಯಲ್ಲಿ ಕೊಯಮುತ್ತೂರಿನಲ್ಲಿ 1909ರಲ್ಲಿ ಒಂದು ಶಾಶ್ವತ ಗೊಬ್ಬರ ಪ್ರಯೋಗ ಆರಂಭವಾಯಿತು. ಆಗ ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಅದೇ ಮದರಾಸು ಪ್ರಾಂತಕ್ಕೆ ಸೇರಿತ್ತು. ಅನಂತರ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಕೆಂಪು ಮಣ್ಣಿನಲ್ಲಿ ರಾಗಿ ಮತ್ತು ಮುಸುಕಿನ ಜೋಳಗಳನ್ನು ಸರದಿಯಾಗಿ ಬೆಳೆದು ವರ್ಷಾನುವರ್ಷ ಲೆಕ್ಕವಿಟ್ಟರು. ಹಿಮಾಚಲ ಪ್ರದೇಶದ ಪಾಲಂಪುರದಲ್ಲಿ 1972ರಿಂದ ಮುಸುಕಿನ ಜೋಳ ಮತ್ತು ಗೋಧಿಯ ಪ್ರಯೋಗ ನಡೆಯಿತು. ಅಲ್ಲಿಯ ಮಣ್ಣು ನಮ್ಮದರಂತೆ ಹುಳಿಮಣ್ಣು. ಅಲ್ಲಿ ಕಂಡದ್ದೇನು? ವರ್ಷಗಟ್ಟಲೆ ಸಾರಜನಕವೊಂದನ್ನೇ ಹಾಕುತ್ತ ಬಂದ ತುಂಡುಗಳಲ್ಲಿ ಮಣ್ಣು ಇನ್ನಷ್ಟು ಹುಳಿಯಾಗಿ, ಕಡೆಗೆ ಫಸಲು ಇಲ್ಲವೆಂಬಷ್ಟು ಕೆಟ್ಟುಹೋಯಿತು. ಮೂರು ಸತ್ವಗಳನ್ನೂ ಕೂಡಿಸಿ ಕೊಟ್ಟಲ್ಲಿ ಫಸಲು ನಿಂತಿತು. ಮೂರು ಸತ್ವಗಳ ಜೊತೆಗೆ ಹಟ್ಟಿಗೊಬ್ಬರವನ್ನೂ, ಅಥವಾ ಸುಣ್ಣವನ್ನೂ ಕೊಟ್ಟಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನಿಂತಿತು. ಯೂರಿಯಾದ ಚೀಲ ಅಗ್ಗವೆಂದು ಅದೊಂದನ್ನೇ ತಂದು ಚೆಲ್ಲುವವರು ಈ ಪಾಠವನ್ನು ಮನಸ್ಸಿನಲ್ಲಿಡುವುದು ಒಳ್ಳೆಯದು.

ನಮ್ಮ ಮಳೆ, ನಮ್ಮ ಮಣ್ಣು

ಇನ್ನು ನಮ್ಮ ನೆಲಕ್ಕೆ ಬರೋಣ. ಮಕ್ಕಳೇ, ಒಂದು ಲೆಕ್ಕ ಮಾಡಿ. ಕಾಸರಗೋಡಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ಅಡಿಕೆ ಸಸಿಗಳನ್ನು 2.7 ಮೀಟರ್ ಅಂತರದಲ್ಲಿ ನೆಟ್ಟರೆ ಒಂದು ಮರದ ಪಾಲಿಗೆ ಸುಮಾರು 7.3 ಚದರ ಮೀಟರ್ ನೆಲ ಬರುತ್ತದೆ. ಗುಣಿಸಿದರೆ, ಒಂದು ಅಡಿಕೆ ಮರದ ಪಾಲಿಗೆ ವರ್ಷಕ್ಕೆ 25 ಸಾವಿರ ಲೀಟರಿಗಿಂತ ಹೆಚ್ಚು ಮಳೆನೀರು! ಅದೇ ಮರಕ್ಕೆ ಬೇಸಗೆಯಲ್ಲಿ ಐದು ದಿನಗಳಿಗೊಮ್ಮೆ 200 ಲೀಟರಿನಂತೆ ಐದು ತಿಂಗಳು ನೀರು ಹಾಯಿಸಿದರೂ ಒಟ್ಟು 6 ಸಾವಿರ ಲೀಟರಾಗುತ್ತದೆ. ದೇವರು ನಮಗೆ ಬೇಕಾದುದರ ನಾಲ್ಕು ಪಾಲು ಕೊಡುತ್ತಾನೆ. ಆದರೂ ಮಾರ್ಚ್ ತಿಂಗಳಲ್ಲಿ ನಾವು ಬಾವಿಯ ತಳವನ್ನು ನೋಡುತ್ತ ನಿಲ್ಲುತ್ತೇವೆ.

ಇದಕ್ಕೆ ಕಾರಣ ಎರಡು. ಮಳೆಯ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ನಮ್ಮ ಗುಡ್ಡೆಗಳ ಮುರಕಲ್ಲು ಮಣ್ಣು ಆ ನೀರನ್ನು ಬಹುಕಾಲ ಹಿಡಿದಿಡುವುದಿಲ್ಲ. ನೀರು ಓಡುವಾಗ ಬರಿಗೈಯಲ್ಲಿ ಓಡುವುದಿಲ್ಲ. ಆಷಾಢದಲ್ಲಿ ಚಂದ್ರಗಿರಿ, ಶಿರಿಯಾ, ಉಪ್ಪಳ ಹೊಳೆಗಳು ಕೆಂಪಾಗಿ ಹರಿಯುವುದನ್ನು ನೀವೆಲ್ಲ ಕಂಡಿದ್ದೀರಿ. ಆ ಕೆಂಪು ನಮ್ಮ ತೋಟದ ಮೇಲ್ಮಣ್ಣು. ಕಣ್ಣಿಗೆ ಕಾಣದಂತೆ ಕರಗಿಹೋಗುವುದು ಸಾರಜನಕ, ಪೊಟ್ಯಾಷ್, ಸುಣ್ಣದಂಶ. ಸಹಸ್ರಾರು ವರ್ಷಗಳಿಂದ ಹೀಗೆ ತೊಳೆಯಲ್ಪಟ್ಟುದರಿಂದಲೇ ನಮ್ಮ ಮಣ್ಣು ಹುಳಿಯಾಗಿದೆ. ರಂಜಕದ ಕತೆ ಬೇರೆ. ಅದು ತೊಳೆದುಹೋಗುವುದಕ್ಕಿಂತ ಹೆಚ್ಚಾಗಿ ಕೆಂಪು ಮಣ್ಣಿನಲ್ಲಿರುವ ಕಬ್ಬಿಣ ಮತ್ತು ಅಲ್ಯುಮಿನಿಯಂಗಳ ಕೈಗೆ ಸಿಕ್ಕಿ ಸೆರೆಯಾಗುತ್ತದೆ. ಮಣ್ಣಿನಲ್ಲಿದ್ದೂ ಬೇರಿಗೆ ದಕ್ಕುವುದಿಲ್ಲ.

ಹಟ್ಟಿಗೊಬ್ಬರದ ಹಿರಿಮೆ ಇಲ್ಲಿ ತಿಳಿಯುತ್ತದೆ. ಸತ್ವದ ಲೆಕ್ಕದಿಂದ ಮಾತ್ರ ನೋಡಿದರೆ ಅದು ಬಡವ. ಚೆನ್ನಾಗಿ ಕಳಿತ ನೂರು ಕಿಲೋ ಹಟ್ಟಿಗೊಬ್ಬರದಲ್ಲಿ ಸಾರಜನಕ ಸುಮಾರು ಅರ್ಧ ಕಿಲೋ. ನೂರು ಕಿಲೋ ಯೂರಿಯಾದಲ್ಲಿ 46 ಕಿಲೋ. ಆದರೆ ಯೂರಿಯಾ ಊಟ ಮಾತ್ರ. ಹಟ್ಟಿಗೊಬ್ಬರ ಊಟವೂ ಹೌದು, ಊಟವನ್ನು ಇಡುವ ಪಾತ್ರೆಯೂ ಹೌದು. ಸೊಪ್ಪು, ಸಗಣಿ, ತರಗೆಲೆಗಳು ಕಳಿತು ಆಗುವ ಕಪ್ಪು ಮಣ್ಣು ಸ್ಪಂಜಿನಂತೆ ನೀರನ್ನು ಹೀರಿ ಹಿಡಿಯುತ್ತದೆ; ಸತ್ವಗಳನ್ನು ತನ್ನ ಮೈಗೆ ಅಂಟಿಸಿಕೊಂಡು ಮೆಲ್ಲಮೆಲ್ಲನೆ ಬೇರಿಗೆ ಕೊಡುತ್ತದೆ; ಸೆರೆಯಾದ ರಂಜಕವನ್ನು ಬಿಡಿಸುವುದಕ್ಕೆ ಸಹಾಯಮಾಡುತ್ತದೆ; ಎರೆಹುಳು ಮೊದಲಾದ ಜೀವಿಗಳಿಗೆ ಆಶ್ರಯ ಕೊಡುತ್ತದೆ. ಪಾತ್ರೆಯಿಲ್ಲದೆ ಪಾಯಸ ಬಡಿಸಿದರೆ ನೆಲದ ಪಾಲಾಗುತ್ತದಷ್ಟೆ. ಹಾಗೆಯೇ ಸೊಪ್ಪು ಗೊಬ್ಬರ ಕಾಣದ ಬೋಳು ಬುಡಕ್ಕೆ ಜೂನ್ ತಿಂಗಳಲ್ಲಿ ಚೆಲ್ಲಿದ ಯೂರಿಯಾದ ಬಹುಪಾಲು ಹೊಳೆಯ ಪಾಲು.

ನಮ್ಮ ಹಿರಿಯರು ಈ ಶಾಸ್ತ್ರದ ಹೆಸರನ್ನು ಕೇಳಿರಲಿಲ್ಲ, ಅದರ ಸಾರವನ್ನು ಬಲ್ಲರು. ವರ್ಗಜಮೀನಿಗೆ ತಾಗಿದ ಸರಕಾರಿ ನೆಲದಲ್ಲಿ ಸೊಪ್ಪು ಕಡಿಯುವುದಕ್ಕೂ ದನ ಮೇಯಿಸುವುದಕ್ಕೂ ಇದ್ದ ಕುಮ್ಕಿ ಸೌಲಭ್ಯ ತೋಟದ ಜೀವನಾಡಿಯಾಗಿತ್ತು. ಗುಡ್ಡೆಯ ಸೊಪ್ಪು ಹಟ್ಟಿಗೆ, ಹಟ್ಟಿಯ ಗೊಬ್ಬರ ತೋಟಕ್ಕೆ. ನಮ್ಮ ಚಿಕ್ಕ ಗಾತ್ರದ ಊರ ದನಗಳು ಹಾಲು ಕೊಡುವುದು ಅಷ್ಟಕ್ಕಷ್ಟೇ ಆದರೂ, ಗೊಬ್ಬರದ ಕಾರ್ಖಾನೆಯಾಗಿ ಅವು ಮನೆಯಲ್ಲಿದ್ದವು. ಇಂದು ಗುಡ್ಡೆಗಳಲ್ಲಿ ಅನೇಕ ಕಡೆ ರಬ್ಬರ್ ಬಂದಿದೆ; ಹಟ್ಟಿಗಳು ಬರಿದಾಗಿವೆ; ಸೊಪ್ಪು ಕಡಿಯುವ ಆಳುಗಳು ದೊರೆಯುವುದಿಲ್ಲ. ಹಳೆಯ ಕಾಲ ಮರಳಿ ಬರಲೆಂದು ಹಂಬಲಿಸಿ ಪ್ರಯೋಜನವಿಲ್ಲ. ಆದರೆ ಹಳೆಯ ಏರ್ಪಾಡು ಮಾಡುತ್ತಿದ್ದ ಕೆಲಸವನ್ನು ಮಾಡಲು ಹೊಸ ಏರ್ಪಾಡು ಬೇಕು. ತೋಟದ ಸೋಗೆ, ಹಾಳೆ, ಅಡಿಕೆಯ ಸಿಪ್ಪೆ ಇವುಗಳನ್ನು ಸುಡಬಾರದು. ಒಂದು ಹೆಕ್ಟೇರ್ ಅಡಿಕೆ ತೋಟದಿಂದ ವರ್ಷಕ್ಕೆ ಐದಾರು ಟನ್ನು ಇಂಥ ಕಸ ದೊರೆಯುತ್ತದೆ. ಎರೆಹುಳುಗಳಿಂದ ಇದನ್ನು ಕೆಲವೇ ತಿಂಗಳಲ್ಲಿ ಉತ್ತಮ ಗೊಬ್ಬರವಾಗಿ ಮಾಡಿಕೊಳ್ಳಬಹುದು. ಗೋಬರ್ ಗ್ಯಾಸಿನ ಬಗ್ಗಡವೂ ಬೆಲೆಯುಳ್ಳದ್ದು.

ಅಡಿಕೆಗೆ ಎಷ್ಟು, ಯಾವಾಗ?

ಕಾಸರಗೋಡಿನಲ್ಲಿ 1916ರಲ್ಲಿ ತೆಂಗಿನ ಸಂಶೋಧನ ಕೇಂದ್ರ ಸ್ಥಾಪನೆಯಾಯಿತು. ಅಡಿಕೆಗಾಗಿ 1956ರಲ್ಲಿ ವಿಟ್ಲದಲ್ಲಿ ಪ್ರತ್ಯೇಕ ಕೇಂದ್ರ ಆರಂಭವಾಯಿತು. 1970ರಲ್ಲಿ ಇವೆರಡೂ ಕೂಡಿ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನ ಸಂಸ್ಥೆಯ ಅಂಗಗಳಾದವು. ಇಂಥ ಸಂಸ್ಥೆಯ ಮುಖ್ಯ ಕಚೇರಿ ನಮ್ಮ ಬಾಗಿಲಲ್ಲೇ, ಕಾಸರಗೋಡಿನ ಕುಡ್ಲುವಿನಲ್ಲಿರುವುದು ನಮ್ಮ ಭಾಗ್ಯ.

ಫಸಲು ಕೊಡುವ ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಮತ್ತು ಇವುಗಳೊಡನೆ ಹಸುರು ಸೊಪ್ಪು 12 ಕಿಲೋ, ಕಳಿತ ಗೊಬ್ಬರ 12 ಕಿಲೋ ಎಂಬುದು ಶಿಫಾರಸು. ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ ಯೂರಿಯಾ ಸುಮಾರು 220 ಗ್ರಾಂ, ಶಿಲಾರಂಜಕ 200 ಗ್ರಾಂ, ಮ್ಯೂರಿಯೇಟ್ ಆಫ್ ಪೊಟ್ಯಾಷ್ 235 ಗ್ರಾಂ. ನೆಟ್ಟ ಮೊದಲ ವರ್ಷ ಇದರ ಮೂರನೆಯ ಒಂದು ಪಾಲು, ಎರಡನೆಯ ವರ್ಷ ಮೂರನೆಯ ಎರಡು ಪಾಲು, ಮೂರನೆಯ ವರ್ಷದಿಂದ ಪೂರ್ತಿ. ಗಮನಿಸಿ: ಇಲ್ಲಿ ಎಲ್ಲಕ್ಕಿಂತ ಹೆಚ್ಚು ಬೇಕಾಗಿರುವುದು ಪೊಟ್ಯಾಷ್. ನಾವು ಎಲ್ಲಕ್ಕಿಂತ ಹೆಚ್ಚು ಕೊಳ್ಳುವುದು ಯೂರಿಯಾ.

ಇದನ್ನು ಒಂದೇ ಸಲಕ್ಕೆ ಸುರಿಯಬಾರದು. ಮಳೆಯ ಅಬ್ಬರ ತಗ್ಗಿ ಮಣ್ಣಿನಲ್ಲಿ ಹಸಿ ಉಳಿದಿರುವ ಸೆಪ್ಟೆಂಬರ್-ಅಕ್ಟೋಬರ್ ತಿಂಗಳಲ್ಲಿ ಬುಡ ಬಿಡಿಸಿ ಸೊಪ್ಪು ಗೊಬ್ಬರಗಳನ್ನೂ ರಸಗೊಬ್ಬರದ ಅರ್ಧವನ್ನೂ ಕೊಡಬೇಕು. ಉಳಿದರ್ಧವನ್ನು, ನೀರಿನ ಅನುಕೂಲವಿರುವ ತೋಟಗಳಲ್ಲಿ ಫೆಬ್ರವರಿಯಲ್ಲಿ ಕೊಡಬೇಕು. ಒಣಮಣ್ಣಿಗೆ ರಸಗೊಬ್ಬರ ಹಾಕಿದರೆ ಅದು ಕರಗುವುದಿಲ್ಲ. ಬೇರು ಕುಡಿಯಬಲ್ಲುದೇ ಹೊರತು ಅಗಿಯಲಾರದು. ಧಾರಾಕಾರ ಮಳೆಯಲ್ಲಿ ಹಾಕಿದರೆ ಕರಗುತ್ತದೆ, ನಿಲ್ಲುವುದಿಲ್ಲ. ಗೊಬ್ಬರಕ್ಕೂ ನೀರಿಗೂ ಇರುವ ನಂಟು ಇದೇ. ಹುಳಿ ಹೆಚ್ಚಾಗಿದ್ದರೆ ಮೊದಲು ಸುಣ್ಣ ಹಾಕಿ, ಕೆಲವು ವಾರ ಕಳೆದ ಮೇಲೆ ಗೊಬ್ಬರ ಹಾಕುವುದು ಕ್ರಮ. ಎಷ್ಟು ಸುಣ್ಣವೆಂಬುದನ್ನು ಮಣ್ಣಿನ ಪರೀಕ್ಷೆಯಿಂದ ತಿಳಿಯಬೇಕು. ಒಂದು ಹಿಡಿ ಮಣ್ಣನ್ನು ಕೃಷಿಭವನಕ್ಕೆ ಒಯ್ದು ಪರೀಕ್ಷೆ ಮಾಡಿಸುವ ವೆಚ್ಚ ಒಂದು ಚೀಲ ಗೊಬ್ಬರದ ಬೆಲೆಯ ಮುಂದೆ ಏನೇನೂ ಅಲ್ಲ.

ನೀರಿನ ಮಾತು

ಅಡಿಕೆಯ ಹಿಂಗಾರ ಒಡೆಯುವುದು ಬಹಳಮಟ್ಟಿಗೆ ಬೇಸಗೆಯಲ್ಲಿ. ಜೋಳದ ರೇಷ್ಮೆಯೆಳೆಯ ಕಾಲ ಹೇಗೋ, ಅಡಿಕೆಗೆ ಈ ತಿಂಗಳುಗಳು ಹಾಗೆ. ಆಗ ಬೇರು ಒಣಗಿದರೆ ನಳ್ಳಿ ಉದುರುತ್ತದೆ. ಮಳೆಗಾಲದಲ್ಲಿ ಎಷ್ಟು ನೀರು ನಿಂತರೂ ಅದಕ್ಕೆ ಪರಿಹಾರವಿಲ್ಲ. ಮಳೆಗಾಲದ ನೀರು ಬುಡದಲ್ಲಿ ನಿಲ್ಲುವುದಂತೂ ಅಡಿಕೆಗೆ ವಿಷ. ಕಣಿಗಳನ್ನು ಆಗಾಗ ಬಿಡಿಸಿ ನೀರನ್ನು ಹೊರಗೆ ಬಿಡಬೇಕು. ಬೇಸಗೆಯಲ್ಲಿ ನೀರು ಕೊಡುವುದು, ಮಳೆಗಾಲದಲ್ಲಿ ನೀರು ಬಿಡಿಸುವುದು, ಇವೆರಡೂ ಸೇರಿದರೆ ನೀರಾವರಿ.

ನೀರನ್ನು ಹಿಡಿದಿಡುವ ವಿದ್ಯೆಯಲ್ಲಿ ನಮ್ಮ ಸೀಮೆ ಪ್ರಸಿದ್ಧವಾದುದು. ಎಣ್ಮಕಜೆ, ಪೈವಳಿಕೆ, ಬಾಯಾರು ಮೊದಲಾದೆಡೆ ಗುಡ್ಡೆಯ ಮುರಕಲ್ಲನ್ನು ಅಡ್ಡಲಾಗಿ ಕೊರೆದ ಸುರಂಗಗಳಿಂದ ಪಂಪು, ವಿದ್ಯುತ್ತುಗಳ ಹಂಗಿಲ್ಲದೆ ನೀರು ತಾನಾಗಿ ಹರಿದು ಬರುತ್ತದೆ. ಮಳೆ ನಿಂತ ಮೇಲೆ ಊರವರೆಲ್ಲ ಕೂಡಿ ಕಲ್ಲು ಮಣ್ಣುಗಳಿಂದ ತೋಡಿಗೆ ಕಟ್ಟುವ ಕಟ್ಟಗಳು ಸುತ್ತಲಿನ ಬಾವಿಗಳ ಮಟ್ಟವನ್ನು ಎತ್ತಿ ಹಿಡಿಯುತ್ತವೆ. ಏತಡ್ಕದಂಥ ಊರುಗಳಲ್ಲಿ ಒಂದೇ ತೋಡಿಗೆ ಸಾಲಾಗಿ ಕಟ್ಟಗಳನ್ನು ಕಟ್ಟುವ ರೂಢಿಯುಂಟು. ಮೇಲಿನವನ ಕಟ್ಟದಿಂದ ಕೆಳಗಿನವನ ಬಾವಿಗೆ ನೀರು. ಒಬ್ಬನು ಕೈಬಿಟ್ಟರೆ ಇನ್ನೊಬ್ಬನಿಗೆ ನಷ್ಟ. ಗುಡ್ಡೆಯ ನೆತ್ತಿಯ ಮದಕ, ಪಳ್ಳಗಳು ಮಳೆನೀರನ್ನು ನೆಲದೊಳಕ್ಕೆ ಇಳಿಸುತ್ತವೆ. ಕೊಳವೆ ಬಾವಿಯಾದರೋ ನೀರನ್ನು ಮೇಲೆತ್ತುತ್ತದೆಯೇ ವಿನಾ ಒಂದು ತಂಬಿಗೆ ನೀರನ್ನೂ ಹುಟ್ಟಿಸುವುದಿಲ್ಲ. ಬ್ಯಾಂಕಿನಲ್ಲಿ ಹಣ ಕಟ್ಟದೆ ಚೆಕ್ಕು ಬರೆಯುತ್ತ ಹೋದರೆ ಏನಾಗುತ್ತದೆಂದು ಹೆತ್ತವರಿಗೆ ನಾನು ಹೇಳಬೇಕಾಗಿಲ್ಲ.

ಇರುವ ನೀರನ್ನು ಮಿತವಾಗಿ ಬಳಸಲು ಹನಿ ನೀರಾವರಿ ಉತ್ತಮ ಸಾಧನ. ಅದರಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಹಾಯಿಸುವ ಕ್ರಮದಲ್ಲಿ ದಿನಕ್ಕೆ 40 ಲೀಟರ್ ಬೀಳುತ್ತದೆಯೆಂದು ಆಗಲೇ ಲೆಕ್ಕಮಾಡಿದೆವು. 500 ಮರಗಳ ತೋಟದಲ್ಲಿ ಐದು ತಿಂಗಳಿಗೆ ಉಳಿಯುವ ನೀರು 15 ಲಕ್ಷ ಲೀಟರ್! ಹನಿಯ ಕೊಳವೆಯಲ್ಲೇ ಕರಗುವ ಗೊಬ್ಬರವನ್ನು ಸ್ವಲ್ಪಸ್ವಲ್ಪವಾಗಿ ಕೊಟ್ಟರೆ ಗೊಬ್ಬರವೂ ಪೋಲಾಗುವುದಿಲ್ಲ. ಇದರ ಮೇಲೆ ಬುಡಕ್ಕೆ ಸೊಪ್ಪು, ಸೋಗೆ, ತರಗೆಲೆಗಳನ್ನು ಹೊದಿಸಿದರೆ ನೆಲದ ಹಸಿ ಬಿಸಿಲಿಗೆ ಆರುವುದಿಲ್ಲ. ಆ ಹೊದಿಕೆಯೇ ಕಳಿತು ಗೊಬ್ಬರವಾಗುತ್ತದೆ. ನೋಡಿ, ನೀರಿನ ಮಾತು ಆಡುತ್ತ ಆಡುತ್ತ ನಾವು ಮತ್ತೆ ಗೊಬ್ಬರಕ್ಕೇ ಬಂದೆವು. ಇವು ಒಂದನ್ನೊಂದು ಬಿಟ್ಟಿರುವುದಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಕೆಲಸ

ನಾನು ಹೇಳಿದೆನೆಂದು ನೀವು ನಂಬಬೇಕಾಗಿಲ್ಲ. ಪರೀಕ್ಷಿಸಿ ನೋಡುವುದೇ ವಿಜ್ಞಾನ. ಡಿಸೆಂಬರ್ ತಿಂಗಳಲ್ಲಿ ಶಾಲೆಯ ಆವರಣದಲ್ಲಿ ಬಿಸಿಲು ಬೀಳುವ ಜಾಗವನ್ನು ಆರಿಸಿ, 3 ಮೀಟರ್ ಉದ್ದ, 2 ಮೀಟರ್ ಅಗಲದ ಎಂಟು ಪಾತಿಗಳನ್ನು ಮಾಡಿ, ಎಲ್ಲಕ್ಕೂ ಸಮನಾಗಿ ಸುಣ್ಣ ಬೆರೆಸಿ, ಒಂದೇ ತಳಿಯ ಮುಸುಕಿನ ಜೋಳವನ್ನು ಬಿತ್ತಿರಿ. ಎರಡು ಪಾತಿಗಳಿಗೆ ಗೊಬ್ಬರವೇ ಬೇಡ. ಎರಡಕ್ಕೆ ಹಟ್ಟಿಗೊಬ್ಬರ ಮಾತ್ರ. ಎರಡಕ್ಕೆ ರಸಗೊಬ್ಬರ ಮಾತ್ರ. ಎರಡಕ್ಕೆ ಎರಡೂ. ಹೀಗೆ ಜೋಡಿಯಾದ ಪಾತಿಗಳಲ್ಲಿ ಒಂದಕ್ಕೆ ತೃಪ್ತಿಯಾಗುವಷ್ಟು ನೀರು, ಇನ್ನೊಂದಕ್ಕೆ ಗಿಡ ನೆಲೆಗೊಂಡ ಬಳಿಕ ಅದರ ಅರ್ಧ ನೀರು.

ಪ್ರಮಾಣವನ್ನು ನೀವೇ ಗಣಿತದಿಂದ ತೆಗೆಯಬಹುದು. ಕರ್ನಾಟಕದಲ್ಲಿ ನೀರಾವರಿಯ ಜೋಳಕ್ಕೆ ಹೆಕ್ಟೇರಿಗೆ 150 ಕಿಲೋ ಸಾರಜನಕ, 75 ಕಿಲೋ ರಂಜಕ, ಸುಮಾರು 40 ಕಿಲೋ ಪೊಟ್ಯಾಷ್ ಕೊಡುತ್ತಾರೆ. ಹೆಕ್ಟೇರಿಗೆ 10 ಸಾವಿರ ಚದರ ಮೀಟರ್. ಹಾಗಾದರೆ 6 ಚದರ ಮೀಟರಿನ ನಿಮ್ಮ ಪಾತಿಗೆ ಸಾರಜನಕ 90 ಗ್ರಾಂ. ಅಂದರೆ ಯೂರಿಯಾ ಸುಮಾರು 196 ಗ್ರಾಂ, ಅದನ್ನು ಎರಡು ಮೂರು ಕಂತುಗಳಲ್ಲಿ ಕೊಡಬೇಕು. ಉಳಿದೆರಡರ ಲೆಕ್ಕವನ್ನು ನಿಮಗೇ ಬಿಟ್ಟಿದ್ದೇನೆ. ಹಟ್ಟಿಗೊಬ್ಬರ ಹೆಕ್ಟೇರಿಗೆ 10 ಟನ್ನಿನ ಲೆಕ್ಕದಲ್ಲಿ ಪಾತಿಗೆ 6 ಕಿಲೋ.

ಗಿಡಗಳ ಎತ್ತರವನ್ನು ವಾರಕ್ಕೊಮ್ಮೆ ಅಳೆಯಿರಿ, ಎಲೆಯ ಬಣ್ಣವನ್ನು ಬರೆದಿಡಿ, ರೇಷ್ಮೆಯೆಳೆ ಹೊರಟ ದಿನವನ್ನು ಗುರುತಿಸಿ, ಕಡೆಗೆ ಕಾಳನ್ನು ಒಣಗಿಸಿ ತೂಗಿರಿ. ಲೆಕ್ಕವನ್ನು ಓದುವ ಬಗೆಯನ್ನೂ ಹೇಳುತ್ತೇನೆ. ಊಹೆಗಾಗಿ, ಗೊಬ್ಬರವಿಲ್ಲದ ಅರೆನೀರಿನ ಪಾತಿಯಲ್ಲಿ ಒಂದು ಕಿಲೋ ಕಾಳು ಬಂದಿತೆಂದುಕೊಳ್ಳೋಣ. ನೀರು ಮಾತ್ರ ಹೆಚ್ಚಿಸಿದಾಗ ಕಾಲು ಕಿಲೋ, ಗೊಬ್ಬರ ಮಾತ್ರ ಕೊಟ್ಟಾಗ ಅರ್ಧ ಕಿಲೋ ಹೆಚ್ಚಿತೆನ್ನೋಣ. ಎರಡನ್ನೂ ಕೂಡಿಸಿದಾಗ ಮುಕ್ಕಾಲು ಕಿಲೋ ಮಾತ್ರ ಹೆಚ್ಚಿದರೆ ಅವು ಬೇರೆ ಬೇರೆಯಾಗಿ ದುಡಿದವೆಂದು ಅರ್ಥ. ಅದಕ್ಕಿಂತ ಹೆಚ್ಚಿದರೆ ಒಂದು ಇನ್ನೊಂದರ ಕೈ ಹಿಡಿಯಿತೆಂದು ಅರ್ಥ. ನಿಮ್ಮ ಪಾತಿಗಳು ಏನು ಹೇಳುತ್ತವೆಯೋ ಅದನ್ನು, ನಾವು ಬಯಸಿದ್ದನ್ನಲ್ಲ, ಬರೆದಿಡಬೇಕು. ಮರದ ನೆರಳು, ಇಲಿಯ ಕಾಟ ಇತ್ಯಾದಿಗಳಿಂದ ಲೆಕ್ಕ ತಪ್ಪಬಹುದಾದುದರಿಂದ ಇನ್ನೊಂದು ತರಗತಿಯವರು ಇದನ್ನೇ ಮತ್ತೊಂದೆಡೆ ಮಾಡಿದರೆ ಉತ್ತಮ. ಮುಂದಿನ ವರ್ಷದ ಈ ಸಂಚಿಕೆಯಲ್ಲಿ ಆ ಲೆಕ್ಕ ಅಚ್ಚಾಗಲಿ ಎಂದು ನನ್ನ ಆಸೆ.

ಹೆತ್ತವರಲ್ಲಿ ಬಿನ್ನಹ

ಮಹನೀಯರೇ, ಇಲ್ಲಿ ಕುಳಿತ ಮಕ್ಕಳಲ್ಲಿ ಬಹುಮಂದಿಯ ಪುಸ್ತಕ, ಚೀಲ, ಸಮವಸ್ತ್ರಗಳು ತೋಟದಿಂದ ಬಂದವು. ಇಂಥ ಶಾಲೆಗಳು ತೋಟದವರ ಮತ್ತು ಬೇಸಾಯಗಾರರ ಉದಾರತೆಯಿಂದ ನಿಂತಿವೆ. ತೋಟ ಸೊರಗಿದರೆ ಸೊರಗುವುದು ತೋಟವೊಂದೇ ಅಲ್ಲ. ವೆಚ್ಚ ಏರಿ ಫಸಲು ಏರದ ತೋಟದಲ್ಲಿ ನಿಲ್ಲೆಂದು ಮಗನಿಗೋ ಮಗಳಿಗೋ ಹೇಳುವ ಬಾಯಿ ನಮಗಿಲ್ಲ. ಆದರೆ ತೋಟವನ್ನು ಲೆಕ್ಕದಿಂದ, ಬುದ್ಧಿಯಿಂದ ನಡೆಸಬಹುದೆಂದು ತೋರಿಸಿಕೊಟ್ಟರೆ, ಓದಿದವರು ಮಾಡಲು ಯೋಗ್ಯವಾದ ಕೆಲಸ ಅದೆಂದು ಅವರಿಗೇ ತೋರೀತು.

ಆದುದರಿಂದ ಮೂರು ವಿಷಯಗಳನ್ನು ವಿಜ್ಞಾಪಿಸಿಕೊಳ್ಳುತ್ತೇನೆ. ಮೊದಲನೆಯದಾಗಿ, ಗೊಬ್ಬರ ಕೊಳ್ಳುವ ಮೊದಲು ಮಣ್ಣಿನ ಪರೀಕ್ಷೆ ಮಾಡಿಸಿ. ಯಾವ ಹಲಗೆ ತಗ್ಗಿದೆಯೆಂದು ತಿಳಿದುಕೊಳ್ಳಿ. ಎರಡನೆಯದಾಗಿ, ಮಕ್ಕಳ ಕೈಯಿಂದಲೇ ತೋಟದ ಲೆಕ್ಕದ ಪುಸ್ತಕ ಬರೆಯಿಸಿ: ಯಾವ ದಿನ ಎಷ್ಟು ಗೊಬ್ಬರ, ಎಷ್ಟು ಗಂಟೆ ಪಂಪು, ಎಷ್ಟು ಕಿಲೋ ಅಡಿಕೆ. ಮೂರು ವರ್ಷಗಳ ಅಂಥ ಪುಸ್ತಕ ನನ್ನ ಭಾಷಣಕ್ಕಿಂತ ಹೆಚ್ಚು ಬೆಲೆಯುಳ್ಳದ್ದು. ಮೂರನೆಯದಾಗಿ, ನಿಮ್ಮ ತೋಡಿಗೆ ಮತ್ತೆ ಕಟ್ಟ ಕಟ್ಟಿರಿ, ನೆರೆಯವರನ್ನು ಕರೆಯಿರಿ, ಮಕ್ಕಳನ್ನು ಕರೆದುಕೊಂಡು ಹೋಗಿ. ಕಟ್ಟ, ಮದಕ, ಸುರಂಗ, ಕಣಿ, ಪಳ್ಳ ಎಂಬ ಮಾತುಗಳನ್ನು ನಿಘಂಟಿನಿಂದ ಕಲಿಸಲಾಗದು. ಅವುಗಳ ಕೆಲಸ ಉಳಿದರೆ ಮಾತು ಉಳಿಯುತ್ತದೆ.

ಊಟ ಬಲ್ಲವನಿಗೆ ರೋಗವಿಲ್ಲವೆಂದು ಗಾದೆ. ಮಣ್ಣಿಗೂ ಈ ಮಾತು ಸಲ್ಲುತ್ತದೆ. ಏನನ್ನು, ಎಷ್ಟನ್ನು, ಯಾವಾಗ, ಯಾವುದರ ಜೊತೆಗೆ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿ ಬಡಿಸಿದರೆ ಮಣ್ಣು ನಮ್ಮನ್ನು ಎಂದಿಗೂ ಉಪವಾಸ ಕೆಡವದು.